ರಿವರ್ಸ್ ಮಾವನ ರಾಣಿ

ಮನುಷ್ಯನಾದವನು ಮುಂದೆ ನೋಡಿ ನಡೆಯಬೇಕೆಂಬ ನಿಯಮವನ್ನು ಆತ ಯಾವ ಕಾಲಕ್ಕೋ ಕೈಬಿಟ್ಟಿದ್ದ. ಆ ಊರಿನ ಕಲ್ಲುಹಾಸಿನ ಇಳಿಜಾರು ಬೀದಿಗಳಲ್ಲಿ, ನದಿಗೆ ಇಳಿಯುವ ಸವೆದ ಸೋಪಾನಗಳ ಮೇಲೆ, ಎರಡು ಸೈಕಲ್ಲು ಎದುರಾದರೆ ಒಂದು ಗೋಡೆಗೆ ಒರಗಲೇಬೇಕಾದಷ್ಟು ಕಿರಿದಾದ ಓಣಿಗಳಲ್ಲಿ, ತನ್ನನ್ನು ಹಿಂಬಾಲಿಸುವ ಪ್ರವಾಸಿಗರತ್ತ ಮುಖ ಮಾಡಿ, ಎರಡೂ ಕೈಗಳನ್ನು ಚಾಚಿ, ಹಿಮ್ಮಡಿಯಿಂದ ನೆಲವನ್ನು ತಡಕುತ್ತ ಹಿಂದುಹಿಂದಕ್ಕೆ ನಡೆಯುತ್ತಿದ್ದ. ಬೆಲ್ಲು ಕೇಳಿದರೆ ಬಲಕ್ಕೆ ಸರಿಯುತ್ತಿದ್ದ. ದಾರಿಯಲ್ಲಿ ನಾಯಿ ಮಲಗಿದ್ದರೆ ನಾಯಿಯೇ ಎದ್ದು ಹೋಗುತ್ತಿತ್ತು, ಅದಕ್ಕೂ ರೂಢಿಯಾಗಿತ್ತು. ಊರಿನವರು ಅವನನ್ನು ರಿವರ್ಸ್ ಮಾವ ಎನ್ನುತ್ತಿದ್ದರು. ಅವನಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು, ಅವನೂ ಹಾಗೇ ಓಗೊಡುತ್ತಿದ್ದ.

ಮೈಮೇಲೊಂದು ಕಂದು ಕೋಟು. ಮುಂದಿನಿಂದ ನೋಡಿದರೆ ಗುಂಡಿಗಳೆಲ್ಲ ನೆಟ್ಟಗೆ, ಕಾಲರಿಗೆ ಇಸ್ತ್ರಿ, ಎದೆಯ ಮೇಲೆ ಪುರಸಭೆಯವರು ಕೊಟ್ಟ ಮಾರ್ಗದರ್ಶಕನ ಹಿತ್ತಾಳೆ ಬಿಲ್ಲೆ. ಹಿಂದಿನಿಂದ ನೋಡಿದರೆ ಬೇರೆಯೇ ಮನುಷ್ಯ. ಹಿಂದಕ್ಕೆ ನಡೆಯುವವನು ಎಷ್ಟೇ ಪಳಗಿದ್ದರೂ ಅಲ್ಲಲ್ಲಿ ಗೋಡೆಗೆ ತಾಗುತ್ತಾನಲ್ಲ, ಹಾಗೆ ತಾಗಿ ತಾಗಿ ಆ ಬೆನ್ನಿಗೆ ಇಡೀ ಊರಿನ ಸುಣ್ಣಬಣ್ಣ ಮೆತ್ತಿಕೊಂಡಿತ್ತು: ಗಡಿಯಾರ ಗೋಪುರದ ಹಳದಿ, ಹಳೇ ಸುಂಕದ ಮನೆಯ ಬೂದಿಬಣ್ಣ, ದೋಣಿಕಟ್ಟೆಯ ಪಾಚಿಹಸಿರು. ಅವನ ಮಾತು ಕಿವಿಗೆ ಬೀಳದವರು ಬೆನ್ನು ನೋಡಿದರೂ ಸಾಕು, ಊರು ನೋಡಿದ ಲೆಕ್ಕವೇ.

ಹಳೆಯ ಊರುಗಳ ಮೇಲೆ ನನಗೆ ಅಂಥ ಮೋಹವಿಲ್ಲ. ಕೋಟೆ ಕಂಡರೆ ಕಲ್ಲು ಹೊತ್ತವರು ಯಾರು, ಅರಮನೆ ಕಂಡರೆ ಅದರ ಕಕ್ಕಸು ತೊಳೆದವರು ಯಾರು ಎಂದು ಕೇಳುವುದು ನನ್ನ ಚಾಳಿ. ಧಿಕ್ಕಾರದ ಮೆರವಣಿಗೆಗಳಲ್ಲಿ ಹತ್ತಿದ್ದು, ಬಿಡುವಂತಿಲ್ಲ. ತಂಗಿ ಹಟ ಹಿಡಿದಳೆಂದು ಶನಿವಾರ ಭಾನುವಾರದ ಮಟ್ಟಿಗೆ ಅವಳೊಂದಿಗೆ ಹೊರಟಿದ್ದೆ. "ಅಕ್ಕಾ, ಎರಡೇ ಎರಡು ದಿನ. ಯಾರ ಜೊತೆಗೂ ಜಗಳ ಆಡ್ಬೇಡ. ಹೊಳೆ ನೋಡ್ಕೊಂಡು ತೆಪ್ಪಗೆ ಕೂತಿರು" ಎಂದು ಬಸ್ಸಿನಲ್ಲೇ ಮಾತು ತೆಗೆದುಕೊಂಡಿದ್ದಳು. ಮಾತು ಕೊಡುವುದಕ್ಕೇನಂತೆ, ಕೊಟ್ಟಿದ್ದೆ.

ಶನಿವಾರ ಬೆಳಿಗ್ಗೆ ಸೇತುವೆಯ ಬಳಿ ಸೇರಿದ ಗುಂಪಿನಲ್ಲಿ ನಾವೂ ನಿಂತೆವು. ಮಾವ ಪ್ರತಿ ವಿವರಣೆಯ ಕೊನೆಗೆ ತಲೆಯನ್ನು ಒಂದಿಷ್ಟು ಓರೆ ಮಾಡಿ "ತಪ್ಪಿದ್ರೆ ತಿದ್ದಿ" ಎನ್ನುತ್ತಿದ್ದ. ಸೇತುವೆಯ ಕಮಾನು ಬಿದ್ದು ಮತ್ತೆ ಎದ್ದಿದೆ, ತಪ್ಪಿದ್ರೆ ತಿದ್ದಿ. ಗಡಿಯಾರ ಇವತ್ತಿಗೂ ಸರಿಯಾದ ಹೊತ್ತು ತೋರಿಸಿಲ್ಲ, ತಪ್ಪಿದ್ರೆ ತಿದ್ದಿ. ಪ್ರವಾಸಕ್ಕೆ ಬಂದವರು ತಿದ್ದುವುದೆಲ್ಲಿಂದ ಬಂತು; ಪಾಪ, ಅವರು ಚಪ್ಪಲಿ ಕಚ್ಚಿದ ಕಾಲು ನೋಡಿಕೊಳ್ಳುತ್ತಿದ್ದರು. ನಾನು ಸುಮ್ಮನಿರಲಾರದೆ, "ಈ ಸೇತುವೆಗೆ ಕಲ್ಲು ಹೊತ್ತವರು ಯಾರಪ್ಪಾ?" ಎಂದೆ. ತಂಗಿ ನನ್ನ ಸೆರಗು ಜಗ್ಗಿದಳು. ಮಾವ ನಿಂತ.

"ಗೊತ್ತಿಲ್ಲಮ್ಮ. ಗೊತ್ತಿದ್ರೆ ಅವರಿಂದ್ಲೇ ಶುರು ಮಾಡ್ತಿದ್ದೆ. ಬೇಕಾದ್ರೆ ಕಥೆ ಕಟ್ಟಿ ಹೇಳ್ಲಾ?"

ಎಷ್ಟು ಮಂದಿ ಭಾಷಣಕಾರರನ್ನು ಕಂಡಿದ್ದೇನೆ, ಕಟ್ಟುವ ಮೊದಲು ಹೀಗೆ ಅಪ್ಪಣೆ ಕೇಳಿದವನನ್ನು ಕಂಡಿರಲಿಲ್ಲ. ಆ ಕ್ಷಣಕ್ಕೆ ಮನುಷ್ಯ ಹಿಡಿಸಿಬಿಟ್ಟ.

ಈ ಹಿಮ್ಮುಖದ ನಡಿಗೆ ಅವನಿಗೆ ಹುಟ್ಟಿನಿಂದ ಬಂದದ್ದೇನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲ ಮಾರ್ಗದರ್ಶಕರಂತೆ ಅವನೂ ಮುಂದೆ ನೋಡಿಕೊಂಡು, ಎದೆ ಸೆಟೆಸಿಕೊಂಡು, ಕೈ ಬೀಸಿ ಬೀಸಿ ಮಾತಾಡುತ್ತ ಸೇತುವೆಯ ಈ ತುದಿಯಿಂದ ಆ ತುದಿಗೆ ಹೋದನಂತೆ. ಆ ದಿನ ಇತಿಹಾಸ ಬಾಯಲ್ಲಿ ನೀರಿನ ಹಾಗೆ ಹರಿಯಿತಂತೆ. ಆ ತುದಿ ಮುಟ್ಟಿ, ಚಪ್ಪಾಳೆಯಾದರೂ ಬೀಳಲಿ ಎಂದು ತಿರುಗಿ ನೋಡಿದರೆ ಹಿಂದೆ ಒಂದು ನರಪಿಳ್ಳೆಯೂ ಇಲ್ಲ. ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಕಾಲು ಸೋತು ಮೊದಲ ಕಮಾನಿನ ಬಳಿಯೇ ಕುಳಿತಿದ್ದಳು. ಅವಳ ಜೊತೆ ಅವಳ ಮಗಳು, ಮಗಳ ಜೊತೆ ಅಳಿಯ, ಅವರನ್ನು ನೋಡಿ ಉಳಿದವರು. ಅಷ್ಟೂ ಹೊತ್ತು ಇವನು ಹೊಳೆಗೆ ಪಾಠ ಹೇಳಿದ್ದ. "ಅವತ್ತೇ ತೀರ್ಮಾನ ಮಾಡ್ದೆ ನೋಡಿ, ಊರು ಎಲ್ಲೂ ಓಡಿಹೋಗಲ್ಲ, ಅದನ್ನ ನೋಡ್ಕೊಂಡು ನಡೀಬೇಕಾಗಿಲ್ಲ. ಓಡಿಹೋಗೋರು ನೀವು" ಎಂದು ಆತ ನಗುತ್ತಿದ್ದ. ಅಂದಿನಿಂದ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರ ಹೆಜ್ಜೆಯೇ ಅವನ ಹೆಜ್ಜೆ. ಅವಸರದವರು ಗೊಣಗುತ್ತಿದ್ದರು. ಗೊಣಗಲಿ ಬಿಡಿ, ಆತ ಜಪ್ಪಯ್ಯ ಎನ್ನುತ್ತಿರಲಿಲ್ಲ.

ದೋಣಿಕಟ್ಟೆಗೆ ಇಳಿಯುವ ಓಣಿಯ ಮೂಲೆಯಲ್ಲಿ ಒಂದು ಮನೆ. ಎತ್ತರದ ಜಗುಲಿ, ಅದಕ್ಕೊಂದು ಚಾವಣಿ, ಒಳಗೊಂದೇ ಉದ್ದನೆಯ ಕೋಣೆ, ನದಿಯ ಕಡೆಗೆ ತೆರೆದ ಆಳೆತ್ತರದ ಕಿಟಕಿ. ಅಲ್ಲಿ ಬಂದಾಗ ಮಾವನ ದನಿ ತಾನಾಗಿ ಇಳಿಯಿತು. ಯುದ್ಧದಲ್ಲಿ ಸೋತ ರಾಣಿ, ಒಬ್ಬಳೇ, ತೊಯ್ದು ತೊಪ್ಪೆಯಾಗಿ ಹೊಳೆ ದಾಟಲು ಬಂದಳು. ದೋಣಿ ಬೆಳಗಿನ ತನಕ ಇಲ್ಲ. ಈ ಬಾಗಿಲು ತಟ್ಟಿದಳು. ತೆಗೆದವಳು ನೀನು ಯಾರೆಂದು ಕೇಳಲಿಲ್ಲ, ಎಲ್ಲಿಂದ ಬಂದೆ ಎಂದು ಕೇಳಲಿಲ್ಲ. ತನ್ನದೇ ಒಂದು ಒಣಗಿದ ಬಟ್ಟೆ ತಂದುಕೊಟ್ಟಳು, ಅಷ್ಟೇ. ರಾಣಿ ಆ ಕಿಟಕಿಯ ಬಳಿ ಕೂತು ತಲೆ ಬಾಚಿಕೊಂಡಳು. ಬೆಳಗಾಗುವ ಮುನ್ನ ಹೊರಟುಹೋದಳು. "ರಾಣೀನ ನೆನಪಿಟ್ಕೊಳ್ಳಿ, ಬಿಡಿ. ಬಟ್ಟೆ ಕೊಟ್ಟೋಳನ್ನ ಮಾತ್ರ ಮರೀಬೇಡಿ. ತಪ್ಪಿದ್ರೆ ತಿದ್ದಿ."

"ತಿದ್ತೀನಿ ಬಾ!" ಎಂದು ಒಳಗಿನಿಂದ ಹೆಂಗಸಿನ ದನಿ ಬಂತು. "ಇಪ್ಪತ್ತು ವರ್ಷ ಆಯ್ತು, ಅವಳ ತಲೆ ಬಾಚೋದು ಇನ್ನೂ ಮುಗೀಲಿಲ್ಲ. ಎದ್ದೋಗು ಅನ್ನು, ನನಗೆ ಬೆಳಕಿಗೆ ಅಡ್ಡ ಆಗ್ತಾಳೆ!"

ಗುಂಪು ಗೊಳ್ಳೆಂದಿತು. ದನಿ ಕೊಡೆಯಮ್ಮನದು. ಪುರಸಭೆಗೆ ಸೇರಿದ ಆ ಮನೆಯಲ್ಲಿ ಬಾಡಿಗೆಗಿದ್ದು, ಕೊಡೆ ರಿಪೇರಿ ಮಾಡಿಕೊಂಡು ಬದುಕುತ್ತಿದ್ದವಳು. ಗುಂಪು ಮುಂದೆ ಹೋದರೂ ನಾನು ಕಡ್ಡಿ ಮುರಿದ ನನ್ನ ಕೊಡೆಯ ನೆಪ ಮಾಡಿ ಒಳಗೆ ನುಗ್ಗಿದೆ. ಸೂರಿಗೆ ತಲೆಕೆಳಗಾಗಿ ತೂಗಿದ ಕೊಡೆಗಳು, ನೆಲದ ಮೇಲೆ ಕಟ್ಟು ಕಟ್ಟು ಉಕ್ಕಿನ ಕಡ್ಡಿ, ಎಣ್ಣೆಯ ಬಟ್ಟಲು, ಚಿಕ್ಕ ಇಕ್ಕಳ, ಹಳೆ ಬಟ್ಟೆಯ ವಾಸನೆ. ಒಂದೊಂದು ಕೊಡೆಯನ್ನೂ ಅವಳು ಕಿಟಕಿಗೆ ಎದುರಾಗಿ ಬಿಡಿಸಿ ಹಿಡಿಯುತ್ತಿದ್ದಳು. ಹೊಳೆಯ ಮೇಲಿನ ಬೆಳಕು ಬಂದು ಬಡಿದಾಗ ಕಪ್ಪು ಬಟ್ಟೆಯೊಳಗಿನ ಸೂಜಿಮೊನೆಯಷ್ಟು ತೂತುಗಳೆಲ್ಲ ಚುಕ್ಕಿಗಳಂತೆ ಫಳಫಳ ಎನ್ನುತ್ತಿದ್ದವು. ಬಾಯಲ್ಲಿ ಕಚ್ಚಿದ್ದ ಸೀಮೆಸುಣ್ಣ ತೆಗೆದು ಪ್ರತಿಯೊಂದಕ್ಕೂ ಗುರುತು ಹಾಕುತ್ತಿದ್ದಳು. ದೀಪ ಹಾಕಿಕೊಂಡು ಈ ಕೆಲಸ ಆಗುವುದಿಲ್ಲವಂತೆ. ದೀಪ ಒಂದೇ ಕಡೆಯಿಂದ ಬೀಳುತ್ತದೆ, ನೀರಿನ ಬೆಳಕು ಎಲ್ಲ ಕಡೆಯಿಂದ.

ಬಾಗಿಲ ಪಕ್ಕದ ಗೋಡೆಯಲ್ಲಿ ಪುರಸಭೆಯ ನೋಟೀಸು. ರಾಣಿ ತಂಗಿದ ಮನೆಯನ್ನು ಪ್ರೇಕ್ಷಣೀಯ ಸ್ಥಳ ಮಾಡುತ್ತಾರೆ. ಇದ್ದವರು ಖಾಲಿ ಮಾಡಬೇಕು. ಬದಲಿಗೆ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ. "ಹೋಗಿ ನೋಡ್ಕೊಂಡು ಬಂದೆ. ಕಿಟಕಿ ಇಲ್ಲ. ಗೋಡೆ ಮಾತ್ರ ನಾಲ್ಕೂ ಚೆನ್ನಾಗಿದೆ" ಎಂದಳು ಕೊಡೆಯಮ್ಮ. ಅವಳು ಅಳುವ ಪೈಕಿಯಲ್ಲ. ಮತ್ತೊಂದು ಕೊಡೆ ಬಿಡಿಸಿ ಕಿಟಕಿಗೆ ಹಿಡಿದಳು.

ಗುಂಪನ್ನು ದೋಣಿ ಹತ್ತಿಸಿ ಮಾವ ಹಿಂದಿರುಗಿದ್ದ. ಜಗುಲಿಯ ಮೇಲೆ ಕೂತಿದ್ದ. ಎಷ್ಟು ಕರೆದರೂ ಆ ಮನೆಯ ಹೊಸಿಲು ದಾಟುತ್ತಿರಲಿಲ್ಲ. ತೋರಿಸುವ ಮನೆಗಳ ಒಳಗೆ ಕಾಲಿಡಬಾರದೆಂಬುದು ಅವನ ಹಟ. ನಾನೇ ಹೊರಗೆ ಬಂದು ಕೇಳಿದೆ, ಈ ರಾಣಿ ಯಾವ ಕಾಲದವಳು?

"ಮಳೆಗಾಲದವಳು" ಎಂದ.

ಸಂಗತಿ ಇಷ್ಟೇ. ಇಪ್ಪತ್ತು ವರ್ಷಗಳ ಹಿಂದೆ ಒಂದು ದಿನ ಸುರಿಯುವ ಮಳೆ. ಇವನ ಗುಂಪು ಓಡಿಬಂದು ಈ ಜಗುಲಿಯ ಮೇಲೆ ಕಿಕ್ಕಿರಿದು ನಿಂತಿತು. ಮಳೆ ನಿಲ್ಲದು, ಜನ ಹೊರಡಲಾರರು, ಎದುರಿಗೆ ಗೋಡೆ ಬಿಟ್ಟರೆ ತೋರಿಸಲು ಏನೂ ಇಲ್ಲ. ಗುಂಪಿನಲ್ಲಿ ಒಬ್ಬಾಕೆ ಪೂರಾ ತೊಯ್ದು ನಡುಗುತ್ತಿದ್ದುದನ್ನು ಕಂಡು ಕೊಡೆಯಮ್ಮ ಒಳಗಿನಿಂದ ಒಂದು ಒಣಗಿದ ಸೀರೆ ತಂದು ಅವಳ ಕೈಗೆ ತುರುಕಿ, ಒಂದು ಮಾತೂ ಆಡದೆ ಕೆಲಸಕ್ಕೆ ಕೂತಳು. ಅದನ್ನು ನೋಡಿದವನ ಬಾಯಿಂದ ರಾಣಿ ಹೊರಟಳು. ಮರುವಾರ ಬಂದವರು, ರಾಣಿ ಮನೆ ಎಲ್ಲಿ ಅಂದರು. ಅದರ ಮರುವರ್ಷ ಪುರಸಭೆಯವರು ಫಲಕ ಹಾಕಿದರು. ಈಗ ಅದೇ ರಾಣಿ, ತನಗೆ ಬಟ್ಟೆ ಕೊಟ್ಟವಳನ್ನೇ ಮನೆಯಿಂದ ಎಬ್ಬಿಸಲು ಬಂದಿದ್ದಳು.

"ನಾಲ್ಕು ಜನ ಸೇರ್ಸು, ಪುರಸಭೆ ಮುಂದೆ ಕೂರೋಣ" ಎಂದೆ. ನನಗೆ ಗೊತ್ತಿರುವ ಮದ್ದು ಅದೊಂದೇ.

"ಅಮ್ಮಾ, ಈ ಊರಲ್ಲಿ ಧಿಕ್ಕಾರ ಕೂಗಿದ್ರೆ ಪಾರಿವಾಳ ಮಾತ್ರ ಏಳುತ್ತೆ. ಮಧ್ಯಾಹ್ನ ಸಭೆ ಇದೆ. ಹೋಗಿ ನಿಜ ಹೇಳ್ಬಿಡ್ತೀನಿ."

ಸಭೆ ಎಂದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ತಂಗಿ ಹೋಟೆಲಿನಲ್ಲಿ ಮಲಗಿದ್ದಾಗ ನಾನು ಪುರಸಭೆಯ ಹಿಂದಿನ ಬೆಂಚಿನಲ್ಲಿದ್ದೆ. ಅಧ್ಯಕ್ಷರು ತಲೆಯನ್ನು ನೀಟಾಗಿ ಬಾಚಿದ, ದನಿಯೇರಿಸದ ಮನುಷ್ಯ. ಪರಂಪರೆ ಎಂಬ ಶಬ್ದವನ್ನು ಉಪ್ಪಿನ ಹಾಗೆ ಪ್ರತಿ ಮಾತಿಗೂ ಉದುರಿಸುತ್ತಿದ್ದರು. "ರಾಣಿ ಮಲಗಿದ ಮನೇಲಿ ಒಲೆ ಹೊತ್ತಿಸೋದು, ಬಟ್ಟೆ ಒಣಗಿಹಾಕೋದು ನಮ್ಮ ಪರಂಪರೆಗೆ ಅವಮಾನ. ಅಂಥ ಮನೇಲಿ ಸಂಸಾರ ಇರಬಾರದು, ಯಾರದೇ ಮನೆ ಆಗಿರಲಿ" ಎಂದರು. ಮೇಜುಗಳು ಗುದ್ದಿಸಿಕೊಂಡವು. ಆಗ ಮಾವ ಎದ್ದು ನಿಂತ.

"ಸಾರ್, ಆ ರಾಣಿ ಸುಳ್ಳು. ನಾನೇ ಕಟ್ಟಿದ್ದು."

ಎಲ್ಲರೂ ನಕ್ಕರು. ಒಬ್ಬ ಸದಸ್ಯರು, ತಮ್ಮ ಮಗಳ ಶಾಲೆಯ ನಾಟಕದಲ್ಲಿ ಆ ರಾಣಿಯ ಪಾತ್ರವನ್ನು ಮಗಳೇ ಮಾಡಿದ್ದಾಳೆಂದೂ, ಸುಳ್ಳಾಗುವುದು ಹೇಗೆಂದೂ ಕೇಳಿದರು. ಅಧ್ಯಕ್ಷರು ಮೃದುವಾಗಿಯೇ, "ಕೊಡೆಯಮ್ಮನ ಮೇಲಿನ ಕನಿಕರಕ್ಕೆ ಹೀಗೆ ಹೇಳ್ತಿದೀರ. ನಿಮ್ಮ ಒಳ್ಳೆ ಮನಸ್ಸು ನಮಗೆ ಗೊತ್ತಿದೆ, ಕೂತ್ಕೊಳ್ಳಿ" ಎಂದರು. ಇಪ್ಪತ್ತು ವರ್ಷ ಸುಳ್ಳು ಹೇಳಿದಾಗ ತಲೆಯಾಡಿಸಿದ ಊರು, ಮೊದಲ ಸಲ ನಿಜ ಹೇಳಿದವನ ಬೆನ್ನು ತಟ್ಟಿ ಕೂರಿಸಿತು. ಹೊರಗೆ ಬಂದಾಗ ಮಾವ ಹೊಳೆಯ ಕಡೆ ನೋಡುತ್ತ ನಿಂತಿದ್ದ. ಕೈಗಳೆರಡೂ ಕೋಟಿನ ಜೇಬಿನಲ್ಲಿದ್ದವು. ಮಾತಾಡುವ ಮನುಷ್ಯನ ಕೈ ಜೇಬಿಗೆ ಹೋಯಿತೆಂದರೆ ಒಳಗೆ ಏನೋ ಕುದಿಯುತ್ತಿದೆಯೆಂದೇ ಅರ್ಥ.

ಭಾನುವಾರ ಬೆಳಿಗ್ಗೆ ಸೇತುವೆಯ ಬಳಿ ಹಿಂದಿನ ದಿನಕ್ಕಿಂತ ದೊಡ್ಡ ಗುಂಪಿತ್ತು. ತಂಗಿ, "ನೋಡಿದ್ದೇ ನೋಡೋಕೆ ಯಾಕಕ್ಕ?" ಎಂದು ರಾಗ ಎಳೆದಳು. ಎಳೆದುಕೊಂಡೇ ಹೋದೆ. ಮಾವನ ಕಣ್ಣು ಕೆಂಪಾಗಿತ್ತು. ಗಡ್ಡ ಮಾತ್ರ ನುಣ್ಣಗೆ ಹೆರೆದಿದ್ದ. ಓಣಿಯ ಮೂಲೆಯ ಮನೆ ಬಂದರೂ ಆತ ನಿಲ್ಲಲಿಲ್ಲ. ಯಾರೋ, "ರಾಣಿ ಮನೆ ಇದೇ ಅಲ್ವಾ?" ಎಂದರು.

"ಜನ ಹಾಗಂದ್ಕೊಂಡಿದ್ರು. ಬನ್ನಿ, ಬನ್ನಿ."

ಹಿಂದುಹಿಂದಕ್ಕೆ ನಡೆದು ಹೋಗಿ, ದೋಣಿಕಟ್ಟೆಯ ಮೇಲಿನ ಒಂದು ಎರಡಂತಸ್ತಿನ ದೊಡ್ಡ ಮನೆಯ ಗೇಟಿಗೆ ಬೆನ್ನು ತಾಗಿಸಿ ನಿಂತ. ಗೇಟಿನ ಪಕ್ಕ ಹೊಳೆಯುವ ಹೆಸರಿನ ಫಲಕ. ಅಧ್ಯಕ್ಷರ ಸ್ವಂತ ಮನೆ. ಅಲ್ಲಿ ನಿಂತು ಮಾವ ರಾಣಿಯ ಕಥೆ ಹೇಳಿದ. ಅದೇ ಸೋಲು, ಅದೇ ಇರುಳು, ಅದೇ ಒಣಗಿದ ಬಟ್ಟೆ. ಬಾಗಿಲು ಮಾತ್ರ ಬೇರೆ. ಹೇಳುತ್ತ ಹೇಳುತ್ತ ಅವನ ದನಿ ಒಮ್ಮೆ ಒಡೆಯಿತು. ಕೇಳಿದವರು ರಾಣಿಯ ಕಷ್ಟಕ್ಕೆ ಮರುಗಿದನೆಂದುಕೊಂಡರು. ನನಗೆ ಗೊತ್ತಿತ್ತು, ಸಾಕಿದ ಮಗಳನ್ನು ಅಪರಿಚಿತರ ಮನೆಗೆ ಬಿಟ್ಟು ಬರುವವನ ದನಿ ಅದು.

ಮಹಡಿಯಲ್ಲಿ ಕೂತು ಕೇಳುತ್ತಿದ್ದ ಅಧ್ಯಕ್ಷರ ತಾಯಿ ಕಟಾಂಜನದ ಸರಳು ಹಿಡಿದು ಎದ್ದು ನಿಂತರು. ಎಲ್ಲ ಕೆಟ್ಟಿತು ಅಂದುಕೊಂಡೆ.

"ಹೌದಪ್ಪಾ ಹೌದು! ನಮ್ಮತ್ತೆ ಹೇಳ್ತಿದ್ರು! ಮೇಲಿನ ಕೋಣೇಲೇ ಇದ್ದದ್ದು ಅವಳು. ಬನ್ನಿ ತೋರಿಸ್ತೀನಿ, ಚಪ್ಪಲಿ ಕೆಳಗೆ ಬಿಡಿ!"

ಮಾವನೇ ಬೆಚ್ಚಿಬಿದ್ದ. ತನ್ನ ಸುಳ್ಳಿಗೆ ಸಾಕ್ಷಿ ಸಿಕ್ಕಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಜನ ಚಪ್ಪಲಿ ಬಿಟ್ಟು ದಡದಡ ಮೆಟ್ಟಿಲು ಹತ್ತಿದರು. ಒಬ್ಬರು ಮಂಚ ಮುಟ್ಟಿ ನೋಡಿದರು, ಇನ್ನೊಬ್ಬರು ಕನ್ನಡಿಯ ಮುಂದೆ ನಿಂತು ಇದರಲ್ಲೇನಾ ತಲೆ ಬಾಚಿದ್ದು ಎಂದರು, ಒಬ್ಬಾಕೆ ಒಗೆದು ಹರವಿದ್ದ ಬಟ್ಟೆಗಳನ್ನು ಸರಿಸಿ ಕಿಟಕಿಯ ಫೋಟೋ ತೆಗೆದಳು. ಅರ್ಧ ಕೆನ್ನೆಗೆ ಸೋಪು ಹಚ್ಚಿಕೊಂಡಿದ್ದ ಅಧ್ಯಕ್ಷರು ಬಚ್ಚಲಿನಿಂದ ಓಡಿಬಂದರು.

"ಏನಮ್ಮ ಇದು?"

"ನೀನು ಸುಮ್ನಿರು, ನಿನಗೇನು ಗೊತ್ತು? ನೀನಾಗ ಹುಟ್ಟೇ ಇರ್ಲಿಲ್ಲ."

ಅಧ್ಯಕ್ಷರು ಹೊಸಿಲಿನಾಚೆ ನಿಂತಿದ್ದ ಮಾವನನ್ನು ಕಂಡರು. ದನಿಯೇರಿಸದ ಮನುಷ್ಯ ಕೂಗಿದರು: "ಏನ್ರೀ, ಕಂಡ ಕಂಡೋರನ್ನ ಒಳಗೆ ನುಗ್ಗಿಸ್ತೀರಲ್ಲ, ಇಲ್ಲೊಂದು ಸಂಸಾರ ಇದೆ ಕಣ್ರೀ!"

"ಅಲ್ಲೂ ಇತ್ತು ಸಾರ್" ಎಂದ ಮಾವ, ಮೆಲ್ಲಗೆ.

ಮೆಟ್ಟಿಲ ಮೇಲಿದ್ದ ಜನ ಇಬ್ಬರ ಮುಖವನ್ನೂ ನೋಡಿದರು. ಊರಿನವರೂ ನಾಲ್ಕಾರು ಮಂದಿ ಸೇರಿದ್ದರು, ನಿನ್ನೆಯ ಸಭೆಯ ಮಾತು ಅವರಿಗೆ ತಿಳಿದಿತ್ತು. ಒಬ್ಬ ಕ್ಷೌರಿಕ ಗೇಟಿನಾಚೆಯಿಂದ, "ಯಾರದೇ ಮನೆ ಆಗಿರಲಿ ಅಂದಿದ್ರಲ್ಲ ಸಾರ್, ಯಾವಾಗ ಖಾಲಿ ಮಾಡ್ತೀರಾ? ಸಾಮಾನು ಸಾಗಿಸೋಕೆ ನಾವೂ ಬರ್ತೀವಿ" ಎಂದ. ತಾಯಿ ಗಾಬರಿಯಾದರು. "ಏನೋ ಅದು, ಖಾಲಿ? ನನ್ನನ್ನ ಎಲ್ಲಿಗೋ ಕಳಿಸ್ತೀಯಾ?" ಮಗನ ಕೆನ್ನೆಯ ಸೋಪು ಅಲ್ಲೇ ಒಣಗಿತು. ಇಂಥ ಜಾಗದಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು. ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

ಬಸ್ಸಿಗೆ ಮುಂಚೆ ಕೊಡೆ ತೆಗೆದುಕೊಳ್ಳಲು ಹೋದಾಗ ಗೋಡೆಯ ಮೇಲೆ ನೋಟೀಸು ಇರಲಿಲ್ಲ. ಅಧ್ಯಕ್ಷರು ತಾವೇ ಬಂದು ಕಿತ್ತುಕೊಂಡು ಹೋಗಿದ್ದರು. ಹೆಚ್ಚಿನ ಅಧ್ಯಯನ ಆಗುವ ತನಕ ವಿಷಯ ಮುಂದೂಡಲಾಗಿದೆ ಎಂದರಂತೆ. ಗೆಲುವು ಎಂಬುದು ಹಾಡು ಬಾಜಾಬಜಂತ್ರಿಗಳೊಂದಿಗೆ ಬಂದದ್ದನ್ನು ನಾನು ಕಂಡಿಲ್ಲ. ಬಂದಾಗಲೆಲ್ಲ ಹೀಗೆ, ಮುಂದೂಡಿಕೆಯ ವೇಷದಲ್ಲೇ ಬಂದಿದೆ. ಜಗುಲಿಯ ಮೇಲೆ ಮಾವ ಕೂತಿದ್ದ. ಕೋಟಿನ ಎದೆಯಲ್ಲಿ, ಬಿಲ್ಲೆ ಇದ್ದ ಕಡೆ, ಬಣ್ಣ ಮಾಸದ ಒಂದು ದುಂಡು ಗುರುತು.

"ಬಿಲ್ಲೆ ಕಿತ್ಕೊಂಡ್ರು" ಎಂದಳು ಕೊಡೆಯಮ್ಮ, ಒಳಗಿನಿಂದ. "ಇನ್ಮೇಲೆ ಜನಗಳನ್ನ ಕರ್ಕೊಂಡು ತಿರುಗೋ ಹಾಗಿಲ್ಲ. ತಲೆ ಇಲ್ದಿದ್ದು! ಯಾರು ಹೇಳಿದ್ರು ಇವನಿಗೆ?"

"ಬೇಜಾರಾ?" ಎಂದು ಕೇಳಿದೆ. ಬಿಲ್ಲೆಯ ಬಗ್ಗೆ ಕೇಳಿದ್ದೆ.

"ರಾಣಿ ಇಲ್ಲೇ ಚೆನ್ನಾಗಿದ್ಲು" ಎಂದ. "ಆ ಮುದುಕಿ ಆಗ್ಲೇ ಅವಳಿಗೆ ಇಬ್ರು ದಾಸಿಯರನ್ನ ಸೇರ್ಸಿದಾಳಂತೆ. ಬಟ್ಟೆ ಕೊಟ್ಟೋಳನ್ನ ಬಿಟ್ಟೇಬಿಟ್ಟಿದಾಳೆ."

"ಹೋಗ್ಲಿ ಬಿಡು. ನನಗೂ ಅವಳ ಜೊತೆ ಬಾಳಿ ಸಾಕಾಗಿತ್ತು" ಎಂದಳು ಕೊಡೆಯಮ್ಮ. ಇಕ್ಕಳ ಕೆಳಗಿಟ್ಟ ಸದ್ದಾಯಿತು. ಆಮೇಲೆ ಬೇರೆಯದೇ ದನಿಯಲ್ಲಿ, "ಒಳಗೆ ಬಾ. ಈಗ ಇದು ತೋರ್ಸೋ ಮನೆ ಅಲ್ವಲ್ಲ" ಎಂದಳು.

ಮಾವ ಎದ್ದ. ಕೋಟಿನ ಬೆನ್ನು ಕೊಡವಿಕೊಂಡ, ಏನೂ ಉದುರಲಿಲ್ಲ. ಹೊಸಿಲು ದಾಟಿ ಒಳಗೆ ಹೋದ.

ನಿಜಕ್ಕಾಗಿ ಗಂಟಲು ಹರಿದುಕೊಂಡವರ ನಡುವೆಯೇ ನನ್ನ ಆಯುಷ್ಯ ಕಳೆದಿದೆ. ಅವರನ್ನು ಹಗುರ ಮಾಡುವುದಿಲ್ಲ, ನಾನೂ ಅವರಲ್ಲೊಬ್ಬಳು. ಆದರೆ ಆಡಿದ ಮಾತು ಯಾರ ಕುತ್ತಿಗೆಗೆ ಬಂತೆಂದು ನಿಂತು ನೋಡಿದವರು ನಮ್ಮಲ್ಲಿ ಕಡಿಮೆ. ನೋಡಿದರೂ, ತಾವು ಕಟ್ಟಿದ್ದನ್ನು ತಮ್ಮ ಕೈಯಾರೆ ಬಿಚ್ಚಿದವರು ಇನ್ನೂ ಕಡಿಮೆ. ಸಿದ್ಧಾಂತ ಉಳಿಯಲಿ, ಮನೆ ಹೋದರೆ ಹೋಗಲಿ ಎಂದವರೇ ಹೆಚ್ಚು. ಈ ಮಾವನ ಜಾತಿಯವರು ಬೇರೆ. ಅವರು ಊರಿನ ಮೇಲಿನ ಪ್ರೀತಿಗೆ ಊರಿಗೆ ಒಂದಿಷ್ಟು ಬಣ್ಣ ಹಚ್ಚುತ್ತಾರೆ, ಹಚ್ಚಿದ್ದನ್ನು ಮಕ್ಕಳಂತೆ ಸಾಕುತ್ತಾರೆ, ಅದನ್ನೇ ಹೇಳಿಕೊಂಡು ಹೊಟ್ಟೆ ಹೊರೆಯುತ್ತಾರೆ. ಒಂದು ದಿನ ಅದರಿಂದ ಒಬ್ಬಳ ಕಿಟಕಿ ಹೋಗುತ್ತದೆಂದು ಗೊತ್ತಾದರೆ, ಹೊಟ್ಟೆಪಾಡನ್ನೂ ಮಗುವನ್ನೂ ಒಟ್ಟಿಗೆ ಬಿಟ್ಟುಕೊಡುತ್ತಾರೆ, ಬಿಟ್ಟುಕೊಟ್ಟು ಜಗುಲಿಯ ಮೇಲೆ ಕೂತು ಬೇಜಾರೂ ಪಡುತ್ತಾರೆ. ಆ ಬೇಜಾರನ್ನು ತ್ಯಾಗ ಎಂದು ಕರೆದುಕೊಳ್ಳುವ ಬುದ್ಧಿ ಮಾತ್ರ ಅವರಿಗೆ ಹೊಳೆಯುವುದಿಲ್ಲ. ಇಂಥವರಿಗೆ ಯಾವ ಊರೂ ಫಲಕ ಹಾಕಿದ್ದನ್ನು ನಾನು ಕಂಡಿಲ್ಲ. ಊರುಗಳಲ್ಲಿ ಜನ ಇನ್ನೂ ವಾಸವಾಗಿರುವುದು ಮಾತ್ರ ಇವರಿಂದಲೇ.